ಜನರೇಟರಿನ ನ್ಯೂಟ್ರಲ್ ಮತ್ತು ನಮ್ಮ ಮುರಕಲ್ಲು ನೆಲ

ಬೇಸಿಗೆ ಬಂತೆಂದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಅಡಿಕೆ ತೋಟಗಳಲ್ಲಿ ಪಂಪಿಗೆ ಬಿಡುವಿಲ್ಲ. ಕರೆಂಟು ಕೈಕೊಟ್ಟಾಗ ಜನರೇಟರ್ ಚಾಲು ಮಾಡುತ್ತೇವೆ. ಡೀಸೆಲ್, ಆಯಿಲ್ ನೋಡುವ ನಾವು ಅದರ ಅರ್ತಿಂಗ್ ನೋಡುವುದು ಅಪರೂಪ.

ವಯರಿನ ಹೊದಿಕೆ ಸವೆದೋ, ಇಲಿ ಕಡಿದೋ ಫೇಸ್ ತಂತಿ ಪಂಪಿನ ಕಬ್ಬಿಣಕ್ಕೆ ತಾಗುವುದುಂಟು. ಇದೇ ಅರ್ತ್ ಫಾಲ್ಟ್. ಜನರೇಟರಿನ ನ್ಯೂಟ್ರಲನ್ನು ನೆಲಕ್ಕೆ ಸೇರಿಸಿರದಿದ್ದರೆ ಈ ಕರೆಂಟಿಗೆ ಮರಳುವ ದಾರಿಯಿಲ್ಲ. ಫ್ಯೂಸ್ ಹೋಗುವುದಿಲ್ಲ, ಪಂಪು ಓಡುತ್ತಲೇ ಇರುತ್ತದೆ, ಯಾರಿಗೂ ತಿಳಿಯುವುದಿಲ್ಲ. ಮುಂದೊಂದು ದಿನ ಇನ್ನೊಂದು ತಂತಿಯೂ ಬೇರೆಲ್ಲೋ ನೆಲಕ್ಕೆ ತಾಗಿತೆಂದರೆ ಪಂಪು ಮುಟ್ಟಿದವರ ಪ್ರಾಣಕ್ಕೇ ಅಪಾಯ.

ಹಾಗಾದರೆ ಅಂಗಳದ ಬದಿಯ ಜನರೇಟರಿಗೊಂದು, ಕೆಳಗೆ ಕೆರೆಯ ಬದಿಯ ಪಂಪಿಗೊಂದು ಸರಳು ಹುಗಿದರೆ ಸಾಲದೇ? ಸಾಲದು. ಒಣಗಿದ ಮುರಕಲ್ಲು ಕರೆಂಟನ್ನು ಸುಲಭವಾಗಿ ಹರಿಯಗೊಡುವುದಿಲ್ಲ. ಜನರೇಟರಿನ ಸರಳಿಗೆ 10 ಓಮ್, ಪಂಪಿನ ಸರಳಿಗೆ 15 ಓಮ್ ತಡೆ ಇದೆಯೆಂದು ಇಟ್ಟುಕೊಳ್ಳೋಣ (ನಮ್ಮ ಗುಡ್ಡಗಳಲ್ಲಿ ಇಷ್ಟು ಕಡಿಮೆ ಸಿಕ್ಕಿದರೆ ಅದೃಷ್ಟ). 230 ವೋಲ್ಟಿಗೆ ನೆಲದ ಮೂಲಕ ಹರಿಯುವುದು ಸುಮಾರು 9 ಆಂಪಿಯರ್ ಮಾತ್ರ. 20 ಆಂಪಿಯರಿನ ಫ್ಯೂಸ್ ಇದಕ್ಕೆ ಹೋಗದು. ಪಂಪಿನ ಮೈಯಲ್ಲಿ ಮಾತ್ರ 138 ವೋಲ್ಟ್ ನಿಂತಿರುತ್ತದೆ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತವರನ್ನು ಕೊಲ್ಲಲು ಅಷ್ಟು ಸಾಕು. ಸರಳಿನ ಸುತ್ತ ಉಪ್ಪು, ಇದ್ದಲು ಹಾಕಿ ನೀರು ಹೊಯ್ದರೆ ತಡೆ ಇಳಿಯುತ್ತದೆ, ನಿಜ. ಆದರೆ ಅದನ್ನೇ ನಂಬಿ ಕುಳಿತುಕೊಳ್ಳತಕ್ಕದ್ದಲ್ಲ.

ಆದುದರಿಂದ ಪಂಪಿನ ಮೈಯಿಂದ ಜನರೇಟರಿನವರೆಗೆ, ಫೇಸ್-ನ್ಯೂಟ್ರಲ್ ತಂತಿಗಳ ಜೊತೆಯಲ್ಲೇ, ಮೂರನೆಯ ತಾಮ್ರದ ತಂತಿ ಎಳೆಯಬೇಕು. ಜನರೇಟರಿನ ಬಳಿ ಈ ತಂತಿ, ನ್ಯೂಟ್ರಲ್, ಯಂತ್ರದ ಮೈ, ನೆಲದ ಸರಳು ನಾಲ್ಕನ್ನೂ ಒಂದೇ ಕಡೆ ಸೇರಿಸತಕ್ಕದ್ದು. ಆಗ ಕರೆಂಟು ನೆಲವನ್ನು ಕಾಯದೆ ತಾಮ್ರದಲ್ಲೇ ಮರಳುತ್ತದೆ. ಈ ಜೋಡಣೆಯ ನಂತರ, ಪಂಪಿನ ಕಡೆಗೆ, 30 ಮಿಲಿ ಆಂಪಿಯರಿನ ಇ.ಎಲ್.ಸಿ.ಬಿ. ಇರಲಿ. ಫ್ಯೂಸಿಗೆ ಗೊತ್ತಾಗದ ಸೋರಿಕೆಯನ್ನು ಅದು ಕ್ಷಣದಲ್ಲಿ ಹಿಡಿಯುತ್ತದೆ. ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿ ಒತ್ತಿ ನೋಡಿ.

ದೊಡ್ಡ ವಿದ್ಯುದಾಗಾರಗಳಲ್ಲಿ ನ್ಯೂಟ್ರಲ್ ಮತ್ತು ನೆಲದ ನಡುವೆ ಬೇಕೆಂದೇ ತಡೆ ಇಡುವುದುಂಟು. ಫಾಲ್ಟ್ ಆದಾಗ ಭಾರೀ ಕರೆಂಟು ಹರಿದು ಯಂತ್ರದ ಒಳಗಿನ ಕಬ್ಬಿಣ ಸುಟ್ಟುಹೋಗದಿರಲೆಂದು ಹೀಗೆ ಮಾಡುತ್ತಾರೆ. ನಮ್ಮ ತೋಟದ ಯಂತ್ರಕ್ಕೆ ಆ ಏರ್ಪಾಡು ಬೇಡ, ನೇರ ಜೋಡಣೆಯೇ ಸರಿ. ಕೆಲವು ಸಣ್ಣ ಪೆಟ್ರೋಲ್ ಜನರೇಟರುಗಳಿಗೆ ಮಾತ್ರ ಈ ಜೋಡಣೆ ಹೊಂದುವುದಿಲ್ಲ. ಕೈಪಿಡಿ ನೋಡಿ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನರಿಂದಲೇ ಮಾಡಿಸಿ.

ಬದಲಾವಣೆ ಸ್ವಿಚ್ಚು ಫೇಸನ್ನು ಮಾತ್ರವಲ್ಲ, ನ್ಯೂಟ್ರಲನ್ನೂ ಕಡಿಯುವಂಥದ್ದಾಗಿರಲಿ. ಸ್ವಿಚ್ಚೇ ಇಲ್ಲದೆ ಪ್ಲಗ್ಗಿನ ಮೂಲಕ ಮನೆಗೆ ಕರೆಂಟು ಕೊಡುವ ಪದ್ಧತಿ ಕೆಲವೆಡೆ ಇದೆ. ಹಾಗೆ ಕೊಟ್ಟ ಕರೆಂಟು ಹೊರಗಿನ ಲೈನಿಗೂ ಏರುತ್ತದೆ; ಲೈನ್ ಸತ್ತಿದೆಯೆಂದು ನಂಬಿ ಕಂಬ ಹತ್ತಿದ ಲೈನ್‌ಮ್ಯಾನ್ ಅದಕ್ಕೆ ಬಲಿಯಾಗಬಹುದು.