ಸಜ್ಜಿ ದ್ವಾಸಿ, ಜೋಳದ ದ್ವಾಸಿ: ಬಾಯಿಗೂ ರುಚಿ, ರಕ್ತಕ್ಕೂ ಒಳ್ಳೇದು



ಈ ಸಲ ನಾನು ದ್ವಾಸಿ ಬಗ್ಗೆ ಪಾಠ ಬರೆದಿದ್ದೇನೆ. ಯಾರೂ ನಗಬಾರದು. ಇದು ವಿಜ್ಞಾನದ ಪಾಠವೂ ಹೌದು, ನಮ್ಮ ಮನೆ ಮಾತೂ ಹೌದು.

ಯಾಕೆ ಬರೆದೆ?

ನಮ್ಮ ಅಕ್ಕ ಒಂಬತ್ತನೇ ತರಗತಿ ಓದುತ್ತಾಳೆ. ಹತ್ತಿ ಬಿಡಿಸುವ ಕಾಲದಲ್ಲಿ ಅವ್ವ ನಸುಕಿನಲ್ಲೇ ಎದ್ದು ಕೂಲಿಗೆ ಹೋಗುತ್ತಾಳೆ. ಅವ್ವ ಹೋದಳೆಂದರೆ ಮನೆಯಲ್ಲಿ ರೊಟ್ಟಿ ಬಡಿಯುವವರು ಇಲ್ಲ. ಆಯಿಗೆ ಕೈ ನೋವು. ಅದಕ್ಕೆ ನಾವಿಬ್ಬರೂ ಚಹಾದಾಗ ಟೋಸ್ಟ್ ಎದ್ದಿಕೊಂಡು ತಿಂದು ಸಾಲಿಗೆ ಬರುತ್ತಿದ್ದೆವು. ಅಕ್ಕ ಪ್ರಾರ್ಥನೆಗೆ ನಿಂತಾಗ ಎರಡು ಸಲ ಕಣ್ಣಿಗೆ ಕತ್ತಲೆ ಬಂದು ಕುಂತುಬಿಟ್ಟಳು. ರಕ್ತ ಪರೀಕ್ಷೆ ಮಾಡಿದಾಗ ಹಿಮೋಗ್ಲೋಬಿನ್ 8.6 ಗ್ರಾಂ ಬಂತು. ಆ ವಯಸ್ಸಿನ ಹುಡುಗಿಗೆ 12 ಗ್ರಾಂಗಿಂತ ಕಡಿಮೆ ಇರಬಾರದು. ನರ್ಸಮ್ಮ ಕಬ್ಬಿಣದ ಮಾತ್ರೆ ಕೊಟ್ಟು, "ಮಾತ್ರಿ ಒಂದೇ ಸಾಲಂಗಿಲ್ಲ, ಮುಂಜಾನಿ ಹೊಟ್ಟಿತುಂಬ ಉಣ್ಣಬೇಕು" ಅಂದರು.

ರೊಟ್ಟಿ ಬಡಿಯಲು ನನಗೆ ಬರುವುದಿಲ್ಲ. ಬಡಿದರೆ ನಕಾಶೆ ಆಗುತ್ತದೆ. ಆದರೆ ದ್ವಾಸಿ ಯಾರಿಗಾದರೂ ಬರುತ್ತದೆ. ರಾತ್ರಿ ಹಿಟ್ಟು ರುಬ್ಬಿ ಇಟ್ಟರೆ ಮುಂಜಾನೆ ಹಂಚಿನ ಮೇಲೆ ಹುಯ್ಯುವುದಷ್ಟೇ ಕೆಲಸ. ಹಾಗಾಗಿ ದ್ವಾಸಿ ಹಿಡಿದೆ.

ಅಕ್ಕಿ ದ್ವಾಸಿ ಯಾಕೆ ಸಾಲದು?

ನಮ್ಮ ಶಹಾಪುರ, ಸುರಪುರ ಸೀಮೆಯಲ್ಲಿ ಮೊದಲು ಜೋಳ, ಸಜ್ಜಿಯೇ ಊಟ. ಕೃಷ್ಣಾ ನದಿಗೆ ನಾರಾಯಣಪುರದಲ್ಲಿ ಕಟ್ಟಿದ ಬಸವಸಾಗರ ಅಣೆಕಟ್ಟು 1982ರಲ್ಲಿ ಮುಗಿಯಿತು. ಎಡದಂಡೆ ಕಾಲುವೆಯ ನೀರು ಬಂದ ಹೊಲಗಳಲ್ಲಿ ಭತ್ತ, ಹತ್ತಿ ಹೆಚ್ಚಾದವು. 2013ರಿಂದ ಅನ್ನಭಾಗ್ಯದ ಅಕ್ಕಿಯೂ ಬಂತು. ಅಕ್ಕಿ ಬಂದದ್ದು ಒಳ್ಳೆಯದೇ. ಅದರಿಂದ ಹಸಿವು ತಪ್ಪಿತು. ಆದರೆ ಪಾಲೀಶ್ ಮಾಡಿದ ಅಕ್ಕಿಯಲ್ಲಿ ಕಬ್ಬಿಣ ಬಹಳ ಕಡಿಮೆ. ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಪೋಷಣೆ ಸಂಸ್ಥೆಯು 2017ರಲ್ಲಿ ಹೊರತಂದ ಪಟ್ಟಿಯನ್ನು ಗುರುಗಳು ತೋರಿಸಿದರು. ಅದರ ಪ್ರಕಾರ 100 ಗ್ರಾಂ ಕಾಳಿನಲ್ಲಿ ಸುಮಾರು ಇಷ್ಟು ಇರುತ್ತದೆ:

ಅಕ್ಕಿ: ಕಬ್ಬಿಣ 0.7 ಮಿ.ಗ್ರಾಂ, ನಾರು 3 ಗ್ರಾಂ, ಪ್ರೋಟೀನ್ 8 ಗ್ರಾಂ
ಜೋಳ: ಕಬ್ಬಿಣ 4 ಮಿ.ಗ್ರಾಂ, ನಾರು 10 ಗ್ರಾಂ, ಪ್ರೋಟೀನ್ 10 ಗ್ರಾಂ
ಸಜ್ಜಿ: ಕಬ್ಬಿಣ 6.4 ಮಿ.ಗ್ರಾಂ, ನಾರು 11 ಗ್ರಾಂ, ಪ್ರೋಟೀನ್ 11 ಗ್ರಾಂ
ರಾಗಿ: ಕಬ್ಬಿಣ 4.6 ಮಿ.ಗ್ರಾಂ, ನಾರು 11 ಗ್ರಾಂ, ಪ್ರೋಟೀನ್ 7 ಗ್ರಾಂ
ಹೆಸರು ಬ್ಯಾಳಿ: ಕಬ್ಬಿಣ 4 ಮಿ.ಗ್ರಾಂ, ನಾರು 9 ಗ್ರಾಂ, ಪ್ರೋಟೀನ್ 24 ಗ್ರಾಂ

ನೋಡಿದಿರಾ? ಅಕ್ಕಿಗಿಂತ ಸಜ್ಜಿಯಲ್ಲಿ ಕಬ್ಬಿಣ ಒಂಬತ್ತು ಪಟ್ಟು ಹೆಚ್ಚು. ರಾಗಿಯಲ್ಲಿ ಎಲುಬಿಗೆ ಬೇಕಾದ ಕ್ಯಾಲ್ಸಿಯಂ 360 ಮಿ.ಗ್ರಾಂಗಿಂತ ಹೆಚ್ಚಿದೆ. ನಾವು ಸಜ್ಜಿಯನ್ನು ಎಳ್ಳ ಅಮಾವಾಸ್ಯೆಗೆ ಹೊಲದಾಗ ಭಜ್ಜಿ ಪಲ್ಯದ ಜೊತೆ ತಿಂದು ಮರೆತುಬಿಡುತ್ತೇವೆ. ವಿಶ್ವಸಂಸ್ಥೆಯವರು ಮಾತ್ರ ಮರೆಯಲಿಲ್ಲ. ನಮ್ಮ ಭಾರತ ಕೇಳಿಕೊಂಡಿದ್ದಕ್ಕೆ 2023ನ್ನು ಸಿರಿಧಾನ್ಯಗಳ ವರ್ಷ ಎಂದು ಆಚರಿಸಿದರು.

ನನ್ನ ದ್ವಾಸಿ ಎರಡು ಸಲ ಕೆಟ್ಟಿತು

ಮೊದಲ ದಿನ ಬರೇ ಸಜ್ಜಿ ಹಿಟ್ಟಿಗೆ ನೀರು ಕಲಸಿ ಹಂಚಿಗೆ ಹುಯ್ದೆ. ಹಂಚಿಗೆ ಅಂಟಿ ಚೂರುಚೂರಾಯಿತು. ಆಯಿ, "ಏನ್ ಮಾಡ್ಲಕತ್ತಿ, ದ್ವಾಸಿನೋ ಉಪ್ಪಿಟ್ಟೋ?" ಅಂತ ನಕ್ಕಳು. ಕಾರಣ ಇದು: ಗೋಧಿಯಲ್ಲಿ ಗ್ಲುಟೆನ್ ಎಂಬ ಅಂಟು ಇರುತ್ತದೆ. ಜೋಳ, ಸಜ್ಜಿಯಲ್ಲಿ ಅದಿಲ್ಲ. ಅದಕ್ಕೆ ಹಿಡಿದುಕೊಳ್ಳಲು ಉದ್ದಿನ ಬ್ಯಾಳಿ ಬೇಕು.

ಎರಡನೇ ಸಲ ಉದ್ದಿನ ಬ್ಯಾಳಿ ರುಬ್ಬಿ ಹಾಕಿದೆ. ದ್ವಾಸಿ ಎದ್ದಿತು, ಆದರೆ ಕಹಿ. ಅಕ್ಕ ಒಂದು ತುತ್ತು ತಿಂದು ಇಟ್ಟುಬಿಟ್ಟಳು. ಗಿರಣಿಯಲ್ಲಿ ಹಿಟ್ಟು ಹಾಕಿಸಿ ತಿಂಗಳಾಗಿತ್ತು. ಸಜ್ಜಿಯಲ್ಲಿ ಎಣ್ಣೆ ಅಂಶ ಹೆಚ್ಚು. ಬೀಸಿದ ಮೇಲೆ ಅದು ಬೇಗ ಕೆಟ್ಟು ಕಹಿಯಾಗುತ್ತದೆ. ಹಿಟ್ಟಾದರೆ ವಾರಕ್ಕೆ ಬೇಕಾದಷ್ಟೇ ಬೀಸಿಸಬೇಕು. ಇಲ್ಲದಿದ್ದರೆ ಕಾಳನ್ನೇ ನೆನೆಹಾಕಬೇಕು. ಆಯಿ ಹೇಳಿದ್ದು ಎರಡನೆಯದು. ಮೂರನೇ ಸಲ ಹಾಗೆ ಮಾಡಿದೆ, ಕೂಡಿಬಂತು.

1. ಸಜ್ಜಿ ದ್ವಾಸಿ ಮಾಡುವ ವಿಧಾನ

ಬೇಕಾದದ್ದು: ಸಜ್ಜಿ ಎರಡು ವಾಟಗ, ಅಕ್ಕಿ ಒಂದು ವಾಟಗ, ಉದ್ದಿನ ಬ್ಯಾಳಿ ಒಂದು ವಾಟಗ, ಮೆಂತ್ಯಾ ಕಾಳು ಒಂದು ಸಣ್ಣ ಚಮಚ, ಉಪ್ಪು.

ಸಜ್ಜಿಯಲ್ಲಿ ಹಳ್ಳು, ಮಣ್ಣು ಇರುತ್ತದೆ, ಹಸನು ಮಾಡಿ ಮೂರು ಸಲ ತೊಳೆಯಿರಿ. ಮುಂಜಾನೆ ಸಾಲಿಗೆ ಬರುವಾಗ ಸಜ್ಜಿ ಅಕ್ಕಿ ಒಂದರಲ್ಲಿ, ಬ್ಯಾಳಿ ಮೆಂತ್ಯಾ ಇನ್ನೊಂದರಲ್ಲಿ ನೆನೆಯಿಡಿ. ಸಂಜೆ ಕರೆಂಟ್ ಇದ್ದಾಗ ಮಿಕ್ಸಿಯಲ್ಲಿ, ಇಲ್ಲದಿದ್ದರೆ ಒಳ್ಳಿನಲ್ಲಿ ರುಬ್ಬಿರಿ. ಬ್ಯಾಳಿ ನುಣ್ಣಗಾಗಬೇಕು, ಸಜ್ಜಿ ಸ್ವಲ್ಪ ತರಿ ಇದ್ದರೂ ನಡೆಯುತ್ತದೆ. ಎರಡನ್ನೂ ಕೂಡಿಸಿ ಉಪ್ಪು ಹಾಕಿ ಮುಚ್ಚಿಡಿ. ದೊಡ್ಡ ಪಾತ್ರೆಯನ್ನೇ ತಗೊಳ್ಳಿ. ನಮ್ಮ ಬ್ಯಾಸಿಗೆಯಲ್ಲಿ ಹಿಟ್ಟು ಬಹಳ ಉಬ್ಬುತ್ತದೆ, ನಮ್ಮ ಮನೆಯಲ್ಲಿ ಒಮ್ಮೆ ಉಕ್ಕಿ ನೆಲದ ಮೇಲೆ ಹರಿದಿತ್ತು.

ಮುಂಜಾನೆ ಹಂಚು ಚೆನ್ನಾಗಿ ಕಾದ ಮೇಲೆ ಅರ್ಧ ಉಳ್ಳಾಗಡ್ಡಿಗೆ ಎಣ್ಣೆ ಹಚ್ಚಿ ಹಂಚಿಗೆ ಒರೆಸಿರಿ. ಇದರಿಂದ ಎಣ್ಣೆ ಉಳಿಯುತ್ತದೆ, ದ್ವಾಸಿ ಅಂಟುವುದಿಲ್ಲ. ಹಿಟ್ಟು ಹುಯ್ದು ಸ್ವಲ್ಪ ದಪ್ಪಗೇ ಹರಡಿ ಮುಚ್ಚಳ ಮುಚ್ಚಿರಿ. ಅಂಚು ತಾನೇ ಬಿಟ್ಟಾಗ ತಿರುವಿ ಹಾಕಿರಿ.

ನೆನೆಸಿ ಹುಳಿ ಬರಿಸುವುದು ರುಚಿಗೆ ಮಾತ್ರವಲ್ಲ. ಕಾಳಿನ ಮೇಲಿನ ಸಿಪ್ಪೆಯಲ್ಲಿ ಫೈಟಿಕ್ ಆಮ್ಲ ಎಂಬುದಿದೆ. ಅದು ಕಬ್ಬಿಣವನ್ನು ಹಿಡಿದುಕೊಂಡು ನಮ್ಮ ರಕ್ತಕ್ಕೆ ಹೋಗಗೊಡುವುದಿಲ್ಲ. ನೆನೆಸಿ ಹುಳಿ ಬಂದಾಗ ಅದು ಕಡಿಮೆಯಾಗುತ್ತದೆ.

2. ಜೋಳದ ದಿಢೀರ್ ದ್ವಾಸಿ

ರಾತ್ರಿ ರುಬ್ಬಲು ಆಗದಿದ್ದರೆ ಇದು. ಜೋಳದ ಹಿಟ್ಟು ಎರಡು ವಾಟಗ, ಕಡ್ಲಿ ಹಿಟ್ಟು ಅರ್ಧ ವಾಟಗ, ಮಜ್ಜಿಗಿ, ಹೆಚ್ಚಿದ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಜೀರಗಿ, ಉಪ್ಪು. ಮೆಂತೆ ಪಲ್ಯ ಅಥವಾ ನುಗ್ಗಿ ತಪ್ಪಲ ಸಣ್ಣಗೆ ಹೆಚ್ಚಿ ಹಾಕಿರಿ. ತೆಳ್ಳಗೆ ಕಲಸಿ ಅರ್ಧ ತಾಸು ಬಿಡಿ. ಹುಯ್ಯುವ ಮುಂಚೆ ಪ್ರತಿ ಸಲ ತಿರುವಬೇಕು, ಯಾಕಂದರೆ ಹಿಟ್ಟು ತಳಕ್ಕೆ ಕೂಡುತ್ತದೆ. ಇದೇ ಹಿಟ್ಟನ್ನು ಗಟ್ಟಿ ಕಲಸಿ ತಟ್ಟಿದರೆ ನಮ್ಮ ದಪಾಟಿ ಆಗುತ್ತದೆ.

3. ಹೆಸರಿನ ದ್ವಾಸಿ

ಇಡಿ ಹೆಸರು ಕಾಳು ನಾಲ್ಕೈದು ತಾಸು ನೆನೆಸಿ, ಹಸಿಶುಂಠಿ, ಮೆಣಸಿನಕಾಯಿ ಹಾಕಿ ರುಬ್ಬಿರಿ. ಹುಳಿ ಬರಿಸುವುದು ಬೇಕಿಲ್ಲ.

ಮೇಲೆ ಏನು ಹಾಕಿಕೊಳ್ಳಬೇಕು?

ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಇವುಗಳಲ್ಲಿ ಒಂದಾದರೂ ಎಲ್ಲರ ಮನೆಯಲ್ಲಿ ಇರುತ್ತದೆ. ಅದರಲ್ಲಿ ಪ್ರೋಟೀನ್ ಇದೆ, ಒಳ್ಳೆಯ ಎಣ್ಣೆ ಇದೆ. ಅರ್ಧ ಲಿಂಬಿಹಣ್ಣು ಹಿಂಡಿಕೊಳ್ಳಿರಿ. ಲಿಂಬೆಯ ಸಿ ಜೀವಸತ್ವ ಕಬ್ಬಿಣ ರಕ್ತಕ್ಕೆ ಸೇರಲು ಸಹಾಯ ಮಾಡುತ್ತದೆ. ಪುಂಡಿ ಪಲ್ಯ ಇದ್ದರಂತೂ ಹಬ್ಬ. ಸಣ್ಣ ಮಕ್ಕಳಿಗೆ ಎಳ್ಳು ಮತ್ತು ಚೂರು ಬೆಲ್ಲ ಉದುರಿಸಿ ಕೊಡಬಹುದು. ಬೆಲ್ಲವೂ ಸಿಹಿಯೇ, ಬಹಳ ಬೇಡ.

ಒಂದು ಮಾತು ಮುಖ್ಯ. ದ್ವಾಸಿ ಜೊತೆಗೇ ಚಹಾ ಕುಡಿಯಬೇಡಿ. ಚಹಾದ ಒಗರು ಕಬ್ಬಿಣವನ್ನು ತಡೆಯುತ್ತದೆ. ಒಂದು ತಾಸು ಬಿಟ್ಟು ಕುಡಿಯಿರಿ. ನಾವು ಮಾಡುತ್ತಿದ್ದ ದೊಡ್ಡ ತಪ್ಪು ಇದೇ.

ಬೇರೆ ದೇಶದವರು

ಆಫ್ರಿಕಾದ ಇಥಿಯೋಪಿಯಾ ದೇಶದಲ್ಲಿ ಟೆಫ್ ಎಂಬ ಕಾಳಿದೆ. ರಾಗಿಗಿಂತ ಸಣ್ಣದು. ಅದರ ಹಿಟ್ಟನ್ನು ಕೆಲವು ದಿನ ಹುಳಿ ಬರಿಸಿ ದೊಡ್ಡ ಹಂಚಿನ ಮೇಲೆ ಇಂಜೆರಾ ಎಂಬ ದ್ವಾಸಿ ಮಾಡುತ್ತಾರೆ. ಇಂಗ್ಲಿಷ್ ಪಾಠದಲ್ಲಿ ಬರುವ ಪ್ಯಾನ್‌ಕೇಕ್ ಅಂದರೆ ಮೈದಾ, ಹಾಲು, ತತ್ತಿ ಕಲಸಿದ ದ್ವಾಸಿ, ಮೇಲೆ ಸಿಹಿ ಪಾಕ. ಈಗ ಅವರೂ ಮೈದಾ ಬಿಟ್ಟು ಬೇರೆ ಕಾಳು ಹುಡುಕುತ್ತಿದ್ದಾರೆ. ನಮಗೆ ಹುಡುಕುವ ಕೆಲಸವಿಲ್ಲ, ಹಗೇವಿನಲ್ಲಿದ್ದದ್ದೇ ಇದೆ.

ಅಕ್ಕನ ಸಂಗತಿ

ಮೂರು ತಿಂಗಳು ವಾರಕ್ಕೆ ನಾಲ್ಕು ದಿನ ದ್ವಾಸಿ ಮಾಡಿದೆ. ಅಕ್ಕ ಮಾತ್ರೆಯನ್ನೂ ತಪ್ಪಿಸಲಿಲ್ಲ. ಮತ್ತೆ ಪರೀಕ್ಷೆ ಮಾಡಿದಾಗ 10.8 ಬಂತು. ದ್ವಾಸಿಯಿಂದಲೇ ಬಂತು ಅಂತ ನಾನು ಹೇಳುವುದಿಲ್ಲ. "ಮಾತ್ರಿನೂ ಬೇಕು, ಊಟನೂ ಬೇಕು" ಎಂದು ನರ್ಸಮ್ಮ ಹೇಳಿದ್ದಾರೆ. ಇನ್ನೂ 12 ಆಗಬೇಕು. ಆದರೆ ಅಕ್ಕ ಈಗ ಪ್ರಾರ್ಥನೆ ಮುಗಿಯುವತನಕ ನಿಲ್ಲುತ್ತಾಳೆ. ನಮ್ಮ ಸಾಲಿಯ ಬಿಸಿಯೂಟದಲ್ಲಿ ತತ್ತಿ ಕೊಡುವುದು ಯಾದಗಿರಿ ಮತ್ತು ಸುತ್ತಲಿನ ಜಿಲ್ಲೆಗಳಲ್ಲಿ 2021ರ ಡಿಸೆಂಬರಿನಲ್ಲಿ ಶುರುವಾಯಿತು. ಮಕ್ಕಳಲ್ಲಿ ರಕ್ತ ಕಡಿಮೆ, ಪೌಷ್ಟಿಕತೆ ಕಡಿಮೆ ಎಂಬುದೇ ಅದಕ್ಕೆ ಕಾರಣ. ಅಂದರೆ ಇದು ನಮ್ಮೊಬ್ಬರ ಮನೆಯ ಸಂಗತಿ ಅಲ್ಲ.

ಗಂಡು ಹುಡುಗ ಒಲಿ ಮುಂದ ಕುಂತಾನ ಅಂತ ಕೆಲವು ಗೆಳೆಯರು ನಕ್ಕರು. ಶಹಾಪುರ ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ದ್ವಾಸಿ ಹುಯ್ಯುವವರು ಯಾರು, ನೋಡಿ ಬಂದು ನಗಲಿ.

ಹೇಳಿ ನೋಡೋಣ:
1. ಸಜ್ಜಿ ಹಿಟ್ಟು ಬೇಗ ಕಹಿಯಾಗುವುದೇಕೆ?
2. ಬರೇ ಜೋಳದ ಹಿಟ್ಟಿನ ದ್ವಾಸಿ ಹರಿಯುವುದೇಕೆ?
3. ದ್ವಾಸಿ ಜೊತೆ ಲಿಂಬೆ ಒಳ್ಳೇದೋ, ಚಹಾ ಒಳ್ಳೇದೋ? ಕಾರಣ ಕೊಡಿ.

ಉತ್ತರ ಮೇಲಿನ ಪಾಠದಲ್ಲೇ ಇದೆ. ತಪ್ಪಿದ್ದರೆ ಗುರುಗಳು ತಿದ್ದಬೇಕು. ನಿಮ್ಮ ಮನೆಯಲ್ಲಿ ಬೇರೆ ತರಹ ಮಾಡುತ್ತಿದ್ದರೆ ಬರೆದು ಕೊಡಿ, ಮುಂದಿನ ಸಂಚಿಕೆಯಲ್ಲಿ ಅಂಟಿಸೋಣ.

— 7ನೇ ತರಗತಿಯ ವಿದ್ಯಾರ್ಥಿ