ವಿದ್ಯುನ್ಮಾನ ಆರೋಗ್ಯ ದಾಖಲೆ ವ್ಯವಸ್ಥೆ ಮತ್ತು ಗ್ರಾಮ ಪಂಚಾಯಿತಿಯ ಹೊಣೆ

ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರುವುದು ನಮ್ಮ ನಾಡಿನ ಪದ್ಧತಿ. ಗಂಡನ ಊರಿನ ಉಪಕೇಂದ್ರದಲ್ಲಿ ಏಳು ತಿಂಗಳ ಕಾಲ ಆಕೆಯ ರಕ್ತದೊತ್ತಡ, ಹಿಮೋಗ್ಲೋಬಿನ್ ಪ್ರಮಾಣ, ರಕ್ತದ ಗುಂಪು, ಪಡೆದ ಚುಚ್ಚುಮದ್ದು ಎಲ್ಲವೂ ದಾಖಲಾಗಿರುತ್ತವೆ. ಆದರೆ ತವರಿನ ತಾಲ್ಲೂಕು ಆಸ್ಪತ್ರೆಗೆ ನಡುರಾತ್ರಿ ನೋವೆದ್ದು ಬಂದಾಗ ತಾಯಿ ಕಾರ್ಡ್ ಗಂಡನ ಮನೆಯಲ್ಲಿಯೇ ಉಳಿದಿದ್ದರೆ, ಅಲ್ಲಿನ ವೈದ್ಯರ ಪಾಲಿಗೆ ಆ ಏಳು ತಿಂಗಳು ಇಲ್ಲದಂತೆಯೇ ಸರಿ. ತೀವ್ರ ರಕ್ತಹೀನತೆ ಇದ್ದ ಸಂಗತಿ ಮೊದಲೇ ತಿಳಿದಿದ್ದರೆ ರಕ್ತದ ವ್ಯವಸ್ಥೆ ಮಾಡಿಕೊಳ್ಳಬಹುದಿತ್ತು. ಕೆಲಸ ಅರಸಿ ಊರು ಬಿಡುವ ಕ್ಷಯರೋಗಿಯ ಪಾಡೂ ಇದೇ: ತಿಂಗಳುಗಟ್ಟಲೆ ಬಿಡದೆ ನುಂಗಬೇಕಾದ ಮಾತ್ರೆ ಊರು ಬದಲಾದೊಡನೆ ತಪ್ಪಿಹೋಗುವ ಅಪಾಯವಿದೆ. ಆರೋಗ್ಯ ದಾಖಲೆಯು ಕಟ್ಟಡಕ್ಕೆ ಅಂಟಿಕೊಂಡಿರದೆ ವ್ಯಕ್ತಿಯನ್ನು ಅನುಸರಿಸಬೇಕು ಎಂಬ ಚಿಂತನೆಯ ಮೂಲ ಇಲ್ಲಿದೆ.

ಇದು ಆರೋಗ್ಯ ಇಲಾಖೆಯ ಗಣಕಯಂತ್ರದ ವಿಷಯ, ನಮಗೇನು ಸಂಬಂಧ ಎಂದು ಕೆಲವು ಸದಸ್ಯರು ಭಾವಿಸುವುದುಂಟು. ಸಂವಿಧಾನದ 11ನೇ ಅನುಸೂಚಿಯ 23ನೇ ಬಾಬಿನಲ್ಲಿ ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರ ಮತ್ತು ಔಷಧಾಲಯಗಳೂ ಸೇರಿದಂತೆ ಆರೋಗ್ಯ ಮತ್ತು ನೈರ್ಮಲ್ಯವು ಪಂಚಾಯಿತಿಗಳಿಗೆ ವಹಿಸಬಹುದಾದ ವಿಷಯಗಳಲ್ಲಿ ಸೇರಿದೆ ಎಂಬುದನ್ನು ಅವರು ಗಮನಿಸತಕ್ಕದ್ದು.

ವ್ಯವಸ್ಥೆಯ ಸ್ವರೂಪ

ಕೇಂದ್ರ ಸರ್ಕಾರವು 2020ರ ಆಗಸ್ಟ್ 15ರಂದು ಆರು ಕೇಂದ್ರಾಡಳಿತ ಪ್ರದೇಶಗಳಲ್ಲಿ ಪ್ರಾಯೋಗಿಕವಾಗಿ ಆರಂಭಿಸಿದ ಕಾರ್ಯಕ್ರಮವು 2021ರ ಸೆಪ್ಟೆಂಬರ್ 27ರಂದು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಎಂಬ ಹೆಸರಿನಲ್ಲಿ ದೇಶಾದ್ಯಂತ ವಿಸ್ತರಣೆಗೊಂಡಿತು. ಇದರಡಿ ವ್ಯಕ್ತಿಗೆ ದೊರೆಯುವ 14 ಅಂಕಿಗಳ ಗುರುತೇ ಆಭಾ ಸಂಖ್ಯೆ. ನಮ್ಮ ರೋಗದ ವಿವರಗಳೆಲ್ಲ ದೆಹಲಿಯ ಒಂದು ಉಗ್ರಾಣ ಸೇರುತ್ತವೆ ಎಂಬ ಅಂಜಿಕೆ ಜನರಲ್ಲಿದೆ, ಅದು ಸರಿಯಲ್ಲ. ಸರ್ವೆ ನಂಬರೇ ಜಮೀನಲ್ಲ, ಜಮೀನಿನ ದಾಖಲೆಯನ್ನು ಹುಡುಕುವ ದಾರಿ ಮಾತ್ರ. ಆಭಾ ಸಂಖ್ಯೆಯೂ ಹಾಗೆಯೇ. ದಾಖಲೆಯು ಅದನ್ನು ಸೃಷ್ಟಿಸಿದ ಆಸ್ಪತ್ರೆಯಲ್ಲಿಯೇ ಇರುತ್ತದೆ. ಮತ್ತೊಂದು ಆಸ್ಪತ್ರೆಯು ಅದನ್ನು ನೋಡಬೇಕಾದರೆ ರೋಗಿಯು ಯಾವ ಉದ್ದೇಶಕ್ಕೆ, ಎಷ್ಟು ಕಾಲಕ್ಕೆ ಎಂದು ಸಮ್ಮತಿಸಬೇಕು. ಆ ಸಮ್ಮತಿಯನ್ನು ಹಿಂಪಡೆಯಲೂಬಹುದು. ಆಭಾ ಪಡೆಯುವುದು ಸ್ವಇಚ್ಛೆಯ ವಿಷಯ. ಸಂಖ್ಯೆ ಇಲ್ಲವೆಂದು ಯಾರನ್ನೂ ಚಿಕಿತ್ಸೆಯಿಲ್ಲದೆ ಹಿಂದಿರುಗಿಸುವಂತಿಲ್ಲ. ಚಿಕಿತ್ಸಾ ವೆಚ್ಚ ಭರಿಸುವ ಯೋಜನೆಯ ಅರ್ಹತೆಯೇ ಬೇರೆ, ಆಭಾ ಸಂಖ್ಯೆಯೇ ಬೇರೆ.

ಒಂದು ಆಸ್ಪತ್ರೆಯ ಬರಹ ಇನ್ನೊಂದಕ್ಕೆ ಅರ್ಥವಾಗಬೇಕಾದರೆ ಭಾಷೆಯೂ ಒಂದಾಗಿರಬೇಕು. ಒಬ್ಬರು ಮಧುಮೇಹವೆಂದೂ ಮತ್ತೊಬ್ಬರು ಸಕ್ಕರೆ ಕಾಯಿಲೆಯೆಂದೂ ಬರೆದರೆ ಮನುಷ್ಯನಿಗೆ ತಿಳಿಯುತ್ತದೆ, ಯಂತ್ರಕ್ಕೆ ತಿಳಿಯದು. ಆದುದರಿಂದಲೇ ಕೇಂದ್ರ ಆರೋಗ್ಯ ಸಚಿವಾಲಯವು 2013ರಲ್ಲಿ ವಿದ್ಯುನ್ಮಾನ ಆರೋಗ್ಯ ದಾಖಲೆಯ ಮಾನದಂಡಗಳನ್ನು ಪ್ರಕಟಿಸಿ 2016ರಲ್ಲಿ ಪರಿಷ್ಕರಿಸಿತು.

ಊರಿನ ಮಟ್ಟದ ತೊಡಕು

ಮೇಲಿನ ವಿನ್ಯಾಸ ಎಷ್ಟೇ ಸೊಗಸಾಗಿದ್ದರೂ ಕೆಲಸ ಕೆಡುವುದು ಮನೆಯ ಹೊಸ್ತಿಲಲ್ಲಿ. ಒಬ್ಬಳೇ ಹೆಣ್ಣುಮಗಳು ಆಧಾರ್‌ನಲ್ಲಿ ಲಕ್ಷ್ಮೀಬಾಯಿ, ಪಡಿತರ ಚೀಟಿಯಲ್ಲಿ ಲಕ್ಷ್ಮವ್ವ, ತಾಯಿ ಕಾರ್ಡಿನಲ್ಲಿ ಲಕ್ಷ್ಮಿ ಆಗಿರಬಹುದು. ಒಂದು ಕಡೆ ತಂದೆಯ ಹೆಸರು, ಇನ್ನೊಂದು ಕಡೆ ಗಂಡನ ಹೆಸರು. ಜನ್ಮದಿನಾಂಕ ಗೊತ್ತಿಲ್ಲದವರೆಲ್ಲ ಜನವರಿ 1ರಂದೇ ಹುಟ್ಟಿರುತ್ತಾರೆ! ಯಂತ್ರವು ಇವರನ್ನು ಮೂವರೆಂದು ಎಣಿಸಿದರೆ ದಾಖಲೆ ಹರಿದು ಹಂಚಿಹೋಗುತ್ತದೆ. ಇದಕ್ಕಿಂತ ಅಪಾಯಕಾರಿಯಾದುದು ಇಬ್ಬರನ್ನು ಒಬ್ಬರೆಂದು ಎಣಿಸುವುದು: ಒಬ್ಬರ ರಕ್ತದ ಗುಂಪು ಇನ್ನೊಬ್ಬರ ಹೆಸರಿಗೆ ಸೇರಿದರೆ ಪರಿಣಾಮವೇನೆಂದು ವಿವರಿಸಬೇಕಿಲ್ಲ. ಆಶಾ ಕಾರ್ಯಕರ್ತೆಯ ಸಮೀಕ್ಷಾ ಪುಸ್ತಕದ ಮನೆ ಸಂಖ್ಯೆ ಹಾಗೂ ಪಂಚಾಯಿತಿಯ ತೆರಿಗೆ ವಹಿಯ ಸ್ವತ್ತಿನ ಸಂಖ್ಯೆ ತಾಳೆಯಾಗದ ಕಡೆ ಮನೆಯನ್ನು ಗುರುತಿಸುವುದೇ ಕಷ್ಟ. ಈ ತಾಳೆಯನ್ನು ಮಾಡಿಕೊಡಲು ಪಂಚಾಯಿತಿಗಿಂತ ಸಮರ್ಥ ಸಂಸ್ಥೆ ಇಲ್ಲ.

ಎರಡನೆಯ ತೊಡಕು ಬರೆಯುವವರದು. ವಹಿಯಲ್ಲಿ ಒಮ್ಮೆ, ಮೊಬೈಲ್ ಆ್ಯಪ್‌ನಲ್ಲಿ ಮತ್ತೊಮ್ಮೆ ಅದೇ ವಿವರ ತುಂಬಬೇಕಾದ ಕಾರ್ಯಕರ್ತೆ, ಕ್ರಮೇಣ ಅಂದಾಜಿನ ಅಂಕಿ ತುಂಬತೊಡಗಿದರೆ ದೂಷಿಸಬೇಕಾದುದು ಆಕೆಯನ್ನಲ್ಲ. ಇಂಗ್ಲೆಂಡ್ 2002ರಲ್ಲಿ ಆರಂಭಿಸಿದ ಬೃಹತ್ ದಾಖಲೆ ಯೋಜನೆಯನ್ನು 2011ರಲ್ಲಿ ಕೈಬಿಡಬೇಕಾಯಿತು. ಬಳಸಬೇಕಾದ ವೈದ್ಯರು, ದಾದಿಯರನ್ನು ಸಾಕಷ್ಟು ಕೇಳದೆ ಮೇಲಿನಿಂದ ಹೇರಿದ್ದು ಅದರ ಮುಖ್ಯ ಕಾರಣಗಳಲ್ಲೊಂದು.

ಗುಟ್ಟು ಕಾಯುವ ಕರ್ತವ್ಯ

ಒಂದೇ ಮೊಬೈಲ್ ಇರುವ ಮನೆಯಲ್ಲಿ ಒ.ಟಿ.ಪಿ. ಬರುವುದು ಗಂಡನ ಅಥವಾ ಮಗನ ಕೈಗೆ. ಹೀಗಿರುವಾಗ ಸಮ್ಮತಿ ಯಾರದು? ಈ ಪ್ರಶ್ನೆಗೆ ತಂತ್ರಾಂಶದಲ್ಲಿ ಪೂರ್ಣ ಉತ್ತರವಿಲ್ಲ. ಮಹಿಳೆಯೊಡನೆ ಪ್ರತ್ಯೇಕವಾಗಿ ಮಾತನಾಡಿ, ತಿಳಿಯುವ ಮಾತಿನಲ್ಲಿ ಹೇಳಿ, ಬೇಡವೆನ್ನಲೂ ಅವಕಾಶ ಕೊಟ್ಟು ನೋಂದಾಯಿಸುವುದೊಂದೇ ಮಾರ್ಗ. ಗುರಿ ಮುಟ್ಟಿಸುವ ಅವಸರದಲ್ಲಿ ಶಿಬಿರ ನಡೆಸಿ ಸಾಲುಗಟ್ಟಿಸಿ ಸಂಖ್ಯೆ ಸೃಷ್ಟಿಸುವುದು ಸಮ್ಮತಿಯೆನಿಸದು.

ಸದಸ್ಯರಿಗೆ ಬೇಕಾದುದು ಅಂಕಿ, ಹೆಸರಲ್ಲ. ವಾರ್ಡಿನಲ್ಲಿ ಎಷ್ಟು ಗರ್ಭಿಣಿಯರಿಗೆ ರಕ್ತಹೀನತೆಯಿದೆ, ಎಷ್ಟು ಮಕ್ಕಳ ಲಸಿಕೆ ಬಾಕಿಯಿದೆ ಎಂದು ಕೇಳಬಹುದು. ರೋಗಿಗಳ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದುವುದಾಗಲಿ, ವಾಟ್ಸಾಪ್ ಗುಂಪಿಗೆ ಹಾಕುವುದಾಗಲಿ ಸಲ್ಲದು. ಎಚ್.ಐ.ವಿ. ಸ್ಥಿತಿಯನ್ನು ಸಮ್ಮತಿಯಿಲ್ಲದೆ ಬಹಿರಂಗಪಡಿಸುವುದನ್ನು 2017ರ ಕಾಯ್ದೆಯು ನಿರ್ಬಂಧಿಸುತ್ತದೆ. ಸಣ್ಣ ಊರಿನಲ್ಲಿ ಅಂಕಿಯೂ ಹೆಸರು ಹೇಳುತ್ತದೆ ಎಂಬುದು ಮರೆಯಬಾರದ ಸೂಕ್ಷ್ಮ: ನಲವತ್ತು ಮನೆಗಳ ಹಟ್ಟಿಯಲ್ಲಿ ಒಬ್ಬ ಕ್ಷಯರೋಗಿ ಎಂದರೆ ಸಾಕು, ಸಂಜೆಯೊಳಗೆ ಬೆರಳು ಒಬ್ಬರತ್ತ ತಿರುಗಿರುತ್ತದೆ. ಅಂತಹ ಕಡೆ ಇಡೀ ಪಂಚಾಯಿತಿಯ ಮೊತ್ತವನ್ನಷ್ಟೇ ಹೇಳುವುದು ಲೇಸು.

ಮುಂದಿನ ಸಭೆಗೆ ಉಪಕೇಂದ್ರದ ಸಮುದಾಯ ಆರೋಗ್ಯಾಧಿಕಾರಿಯನ್ನೂ ಆಶಾ ಕಾರ್ಯಕರ್ತೆಯರನ್ನೂ ಆಹ್ವಾನಿಸಿ, ಉಪಕೇಂದ್ರದಲ್ಲಿ ವಿದ್ಯುತ್ ಹಾಗೂ ಅಂತರ್ಜಾಲ ದಿನಕ್ಕೆಷ್ಟು ಹೊತ್ತು ಇರುತ್ತದೆ, ಒಂದೇ ವಿವರವನ್ನು ಎಷ್ಟು ಕಡೆ ಬರೆಯಬೇಕಾಗಿದೆ ಎಂದು ಅವರಿಂದಲೇ ಕೇಳಿ ನಡವಳಿಯಲ್ಲಿ ದಾಖಲಿಸತಕ್ಕದ್ದು. ಮನೆ ಸಂಖ್ಯೆಗಳ ತಾಳೆಯನ್ನು ಒಂದು ವಾರ್ಡಿನಲ್ಲಿ ಮೊದಲು ಮಾಡಿ ನೋಡುವುದು ಸೂಕ್ತ. ಅಲ್ಲಿ ಕಂಡ ದೋಷಗಳನ್ನು, ವ್ಯಕ್ತಿಗಳ ಹೆಸರಿಲ್ಲದೆ, ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ಲಿಖಿತವಾಗಿ ತಿಳಿಸಿ, ಪ್ರತಿಯನ್ನು ತಾಲ್ಲೂಕು ಪಂಚಾಯಿತಿಗೆ ಕಳುಹಿಸಬಹುದು.