ತೂಕ ಇಳಿಸಲು ತಿಂಗಳಿಗೆ ಎಷ್ಟು ಎತ್ತಿಡಬೇಕು?

2025ರ ಸೆಪ್ಟೆಂಬರ್ 22ರಿಂದ ಜಿಮ್ ಮತ್ತು ಯೋಗ ಕೇಂದ್ರಗಳ ಸೇವೆಯ ಮೇಲಿನ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿದಿದೆ. ಸಾವಿರ ರೂಪಾಯಿ ಶುಲ್ಕದ ಮೇಲೆ 180 ರೂಪಾಯಿ ತೆರಿಗೆ ಕಟ್ಟುತ್ತಿದ್ದವರಿಗೆ ಈಗ 50 ರೂಪಾಯಿ ಸಾಕು. ಆದರೆ ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟದ ಜಿಮ್‌ನವರು ಜಿಎಸ್‌ಟಿ ನೋಂದಣಿಯನ್ನೇ ಮಾಡಿಸಬೇಕಿಲ್ಲ. ಸಣ್ಣ ಊರಿನಲ್ಲಿ ಅಂಗಡಿಯ ಮೇಲಿನ ಒಂದೇ ಹಾಲ್‌ನಲ್ಲಿ ನಡೆಯುವ ಜಿಮ್‌ನಲ್ಲಿ ಈ ತೆರಿಗೆ ಮೊದಲೂ ಇರಲಿಲ್ಲ, ಈಗ ಇಳಿಯುವುದಕ್ಕೂ ಇಲ್ಲ. ಸೇರುವ ಮುಂಚೆ ರಸೀದಿಯಲ್ಲಿ ಜಿಎಸ್‌ಟಿ ಸಂಖ್ಯೆ ಇದೆಯೇ ಎಂದು ನೋಡಿಕೊಳ್ಳಿ.

ನಮ್ಮ ಕೆಜಿಎಫ್ ಕಡೆ ಶುಲ್ಕಕ್ಕಿಂತ ದುಬಾರಿಯಾದದ್ದು ಹೊತ್ತು. 2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿದ ಮೇಲೆ ಈ ಊರಿನ ದುಡಿಮೆ ರೈಲು ಹತ್ತಿತು. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ಕತ್ತಲಿರುವಾಗಲೇ ಜನ ಹತ್ತಿ, ಬಂಗಾರಪೇಟೆ ದಾಟಿ ಬೆಂಗಳೂರಿಗೆ ಹೋಗಿ ದುಡಿದು, ಕತ್ತಲಾದ ಮೇಲೆ ಮನೆ ಸೇರುತ್ತಾರೆ. ನಾನೂ ಪಾಸ್ ಮಾಡಿಸಿಕೊಂಡು ಓಡಾಡುವವಳೇ. ತೂಕ ಇಳಿಸಿ ಎಂದು ಡಾಕ್ಟರು ಹೇಳಿದಾಗ ಮೊದಲು ಕೂತು ಮಾಡಿದ್ದು ಒಂದು ಭಾಗಾಕಾರ. ತಿಂಗಳ ಶುಲ್ಕವನ್ನು, ನಿಜವಾಗಿ ಹೋಗಲು ಆಗುವ ದಿನಗಳಿಂದ ಭಾಗಿಸಿದೆ. ಭಾನುವಾರ ಮಾತ್ರ ಬಿಡುವಿರುವವರಿಗೆ ಸಾವಿರ ರೂಪಾಯಿಯ ಜಿಮ್ ಎಂದರೆ ಸಲಕ್ಕೆ 250 ರೂಪಾಯಿ. ದಿನವೂ ಹೋಗಬಲ್ಲ ಕಾಲೇಜು ಹುಡುಗನಿಗೆ ಅದೇ ಜಿಮ್ 40 ರೂಪಾಯಿಗೆ ಬೀಳುತ್ತದೆ. ಅವನಿಗೆ ಅದು ಒಳ್ಳೆಯ ವ್ಯವಹಾರ. ನನಗೆ ಮನೆಯೇ ಸರಿ ಎಂದು ತೀರ್ಮಾನಿಸಿದೆ.

ಮನೆ ಎಂದರೆ ದೊಡ್ಡದೇನಲ್ಲ. ಗಣಿ ಕಾರ್ಮಿಕರಿಗಾಗಿ ಕಟ್ಟಿದ ಲೈನ್ ಮನೆಗಳನ್ನು ಕಂಡವರಿಗೆ ಅಳತೆ ಗೊತ್ತು. ಚಾಪೆ ಹಾಸಿದರೆ ಇನ್ನೊಬ್ಬರು ದಾಟಿ ಹೋಗಬೇಕು. ಹೊರಗೆ ನಡೆಯೋಣವೆಂದರೆ, ಗಾಳಿ ಬೀಸುವ ತಿಂಗಳುಗಳಲ್ಲಿ ಚಿನ್ನ ತೆಗೆದು ಉಳಿದ ಗಣಿಮಣ್ಣಿನ ರಾಶಿಗಳ, ಅಂದರೆ ಸೈನೈಡ್ ಗುಡ್ಡಗಳ ದೂಳು ಬೀದಿಗೆಲ್ಲ ಹರಡುತ್ತದೆ. ಗಣಿಯಲ್ಲಿ ದುಡಿದು ಎದೆ ಕೆಡಿಸಿಕೊಂಡವರು ಇರುವ ಊರಿನಲ್ಲಿ ಆ ದೂಳಿಗೆ ಮೈಯೊಡ್ಡಿ ನಡೆಯಿರಿ ಎಂದು ಯಾರಿಗೂ ಹೇಳಲಾರೆ. ಅಂಥ ದಿನಗಳಲ್ಲಿ ಒಂದು ಚಾಪೆಯ ಜಾಗದಲ್ಲೇ ಎಲ್ಲವೂ ಆಗಬೇಕು.

ಆಗುತ್ತದೆ. ಅದಕ್ಕೆ ನಮ್ಮ ಜಿಲ್ಲೆಯವರೇ ದಾರಿ ಹಾಕಿಕೊಟ್ಟಿದ್ದಾರೆ. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನು ಬರೆದ ಕೆ.ವಿ. ಅಯ್ಯರ್ ಅವರ ಪೂರ್ತಿ ಹೆಸರು ಕೋಲಾರ ವೆಂಕಟೇಶ ಅಯ್ಯರ್. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನಾಸಿಯಂ ನಡೆಸುತ್ತಿದ್ದ ಅವರು, ಬರಲಾಗದ ದೂರದೂರಿನವರಿಗೆ ಅಂಚೆಯ ಮೂಲಕವೇ ವ್ಯಾಯಾಮ ಕಲಿಸುತ್ತಿದ್ದರು. ಕಬ್ಬಿಣದ ಗುಂಡು ಎತ್ತುವುದನ್ನೂ ಸೂರ್ಯನಮಸ್ಕಾರವನ್ನೂ ಜೊತೆಜೊತೆಗೆ ಹೇಳಿಕೊಟ್ಟವರು. ಮೊಬೈಲಿನಲ್ಲಿ ತಿಂಗಳ ಚಂದಾ ಕೇಳುವ ಆ್ಯಪ್‌ಗಳನ್ನು ಕಂಡಾಗಲೆಲ್ಲ, ಸುಮಾರು ತೊಂಬತ್ತು ವರ್ಷದ ಹಿಂದೆ ಕಾಗದ ಓದಿ ಮನೆಯಲ್ಲೇ ಬಸ್ಕಿ ಹೊಡೆದ ಆ ಶಿಷ್ಯರು ನನಗೆ ನೆನಪಾಗುತ್ತಾರೆ. ಚಂದಾ ಬೇಕಿಲ್ಲ. ಸೂರ್ಯನಮಸ್ಕಾರ, ಬಸ್ಕಿ, ದಂಡ ನಮ್ಮ ಮನೆಗಳಲ್ಲಿ ಹಿರಿಯರಿಗೆ ಗೊತ್ತಿರುವಂಥವೇ. ಮಂಡಿ ನೋವಿದ್ದರೆ ಕುರ್ಚಿಯ ಮೇಲೆ ಕೂತು ಎದ್ದರೆ ಆಯಿತು. ದಂಡ ಕಷ್ಟವಾದರೆ ಗೋಡೆಗೆ ಕೈಯೂರಿ ಮಾಡಬಹುದು.

ಹೊತ್ತಿನ ಬಗ್ಗೆಯೂ ಒಂದು ಮಾತು. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಬಿರುಸಾಗಿ ನಡೆಯುವಂಥ ಶ್ರಮ ಮಾಡಬೇಕು, ವಾರದಲ್ಲಿ ಎರಡು ದಿನವಾದರೂ ಭಾರ ಎತ್ತುವಂಥದ್ದು ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದೇ ಸಲಕ್ಕೆ ಹತ್ತು ನಿಮಿಷವಾದರೂ ಇರಬೇಕೆಂಬ ಹಳೆಯ ಷರತ್ತನ್ನು 2020ರಲ್ಲಿ ತೆಗೆದುಹಾಕಿದೆ. ರೈಲಿನವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ. ಅನ್ನಕ್ಕಿಟ್ಟ ಕುಕ್ಕರ್ ಕೂಗುವಷ್ಟರಲ್ಲಿ ಮಾಡಿದ ಬಸ್ಕಿಯೂ ಲೆಕ್ಕಕ್ಕೆ ಬರುತ್ತದೆ. ಬಂಗಾರಪೇಟೆಯಲ್ಲಿ ರೈಲು ಕಾಯುವಾಗ ಪ್ಲಾಟ್‌ಫಾರ್ಮಿನ ಆ ತುದಿಯಿಂದ ಈ ತುದಿಗೆ ನಡೆದದ್ದೂ ಬರುತ್ತದೆ.

ಭಾರಕ್ಕೆ ನಾನು ಡಂಬೆಲ್ ಕೊಳ್ಳಲಿಲ್ಲ. ಅಡುಗೆ ಎಣ್ಣೆಯ ಐದು ಲೀಟರಿನ ಎರಡು ಖಾಲಿ ಕ್ಯಾನು ತೊಳೆದು ಒಣಗಿಸಿಕೊಂಡೆ. ಒಂದು ಲೀಟರ್ ನೀರು ಒಂದು ಕಿಲೋ. ಒಂದೊಂದೇ ಲೀಟರ್ ಹೊಯ್ದು ಮಾರ್ಕರ್ ಪೆನ್ನಿನಲ್ಲಿ ಗೆರೆ ಎಳೆದರೆ ತಕ್ಕಡಿ ಬೇಕಿಲ್ಲ. ಆದರೆ ಅರ್ಧ ತುಂಬಿದ ಕ್ಯಾನು ಎತ್ತಿದಾಗ ಒಳಗಿನ ನೀರು ಓಲಾಡಿ ಮಣಿಕಟ್ಟನ್ನು ಪಕ್ಕಕ್ಕೆ ಎಳೆಯುತ್ತದೆ. ಎರಡು ಮೂರು ಕಿಲೋ ಎತ್ತುವ ಶುರುವಾತಿನಲ್ಲಿ ನೀರಿನ ಬದಲು ಮರಳೇ ಮೇಲು, ಅದು ನೀರಿನಷ್ಟು ಓಲಾಡುವುದಿಲ್ಲ. ಅದೇ ಕ್ಯಾನಿಗೆ ಬಾಯಿವರೆಗೆ ಒಣ ಮರಳು ತುಂಬಿದರೆ ಏಳೂವರೆ, ಎಂಟು ಕಿಲೋ ತೂಗುವುದರಿಂದ ಮುಂದಿನ ಹಂತಕ್ಕೂ ಅದೇ ಸಾಕಾಗುತ್ತದೆ. ಹಿಡಿಯ ಅಂಚು ಬೆರಳನ್ನು ಕೊರೆಯುತ್ತದೆ, ಹಳೇ ಕಾಟನ್ ಸೀರೆಯ ಚೂರು ಸುತ್ತಬೇಕು. ಕೋಲಾರ ಜಿಲ್ಲೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇರುವುದರಿಂದ ಶುದ್ಧ ನೀರಿನ ಘಟಕಕ್ಕೆ ಹೇಗೂ ಹೋಗಲೇಬೇಕು. ಇಪ್ಪತ್ತು ಲೀಟರಿನ ಒಂದೇ ಕ್ಯಾನನ್ನು ಸೊಂಟಕ್ಕೆ ಏರಿಸಿಕೊಳ್ಳುವುದು ಬಿಟ್ಟು, ಹತ್ತು ಲೀಟರಿನ ಎರಡನ್ನು ಎರಡು ಕೈಯಲ್ಲಿ ಹಿಡಿದು, ಬೆನ್ನು ನೆಟ್ಟಗೆ ಇಟ್ಟುಕೊಂಡು ನಡೆಯುತ್ತೇನೆ. ಜಿಮ್‌ನಲ್ಲಿ ಇದನ್ನೇ ‘ಫಾರ್ಮರ್ಸ್ ವಾಕ್’ ಎಂದು ಹೇಳಿಕೊಡುತ್ತಾರೆ.

ಎಳೆಯುವ ವ್ಯಾಯಾಮಕ್ಕೆ ಸೈಕಲ್ ಶಾಪಿನ ಹಳೇ ಟ್ಯೂಬ್ ಸಾಕು. ಬಿರುಕು ಬಿಟ್ಟಿದ್ದರೆ ಮಾತ್ರ ಬೇಡ, ಹರಿದು ಮುಖಕ್ಕೆ ಹೊಡೆಯುತ್ತದೆ. ದುಡ್ಡು ಕೊಟ್ಟೇ ಕೊಳ್ಳಬೇಕಾದದ್ದು ಒಂದೇ, ಕಾಲಿಗೆ ಸರಿಯಾದ ಶೂ. ಮೈ ಭಾರವಿದ್ದಾಗ ಮಂಡಿ ಕೆಟ್ಟರೆ ಅದರ ಖರ್ಚು ಎಲ್ಲಕ್ಕಿಂತ ದೊಡ್ಡದು. ಕಾಲು ಸ್ವಲ್ಪ ಊದಿಕೊಂಡಿರುವ ಸಂಜೆ ಹೊತ್ತು ಹೋಗಿ ಅಳತೆ ನೋಡಿ ತಗೊಳ್ಳಿ.

ಪಕ್ಕದ ಬೀದಿಯ ಹುಡುಗಿ ಒಂದು ದಿನ ಬಂದು ಕೇಳಿದಳು. “ಅಕ್ಕಾ, ಟ್ರೆಡ್‌ಮಿಲ್ ತಗೊಂಬಿಡೋಣ ಅಂತಿದೀನಿ. ಮೂವತ್ತು ಸಾವ್ರ. ತಿಂಗ್ಳಿಗೆ ಎರಡೂವರೆ ಸಾವ್ರ ಕಟ್ಟಿದ್ರೆ ಒಂದೇ ವರ್ಷ. ಬಡ್ಡಿ ಇಲ್ವಂತೆ.”

“ಬಡ್ಡಿ ಇಲ್ದೆ ಬ್ಯಾಂಕು ಯಾಕಮ್ಮ ಕೊಡುತ್ತೆ? ಒಂದೇ ಸಲಕ್ಕೆ ಕ್ಯಾಶ್ ಕೊಟ್ರೆ ಎಷ್ಟಕ್ಕೆ ಬಿಡ್ತೀರಿ ಅಂತ ಕೇಳ್ಕೊಂಡು ಬಾ.”

ಕೇಳಿದಳು. ಇಪ್ಪತ್ತೇಳೂವರೆ ಸಾವಿರ ಎಂದರಂತೆ. ಆ ಎರಡೂವರೆ ಸಾವಿರವೇ ಬಡ್ಡಿ. ‘ನೋ ಕಾಸ್ಟ್’ ಕಂತಿನಲ್ಲಿ ಸಾಮಾನ್ಯವಾಗಿ ನಡೆಯುವುದು ಇದೇ: ನಿಮಗೆ ಸಿಗಬೇಕಿದ್ದ ರಿಯಾಯಿತಿ ಬ್ಯಾಂಕಿನ ಬಡ್ಡಿಗೆ ಹೋಗುತ್ತದೆ. ಕ್ರೆಡಿಟ್ ಕಾರ್ಡಿನ ಕಂತಾದರೆ ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ ಬೇರೆ, ಕೆಲವು ಕಡೆ ಪ್ರೊಸೆಸಿಂಗ್ ಶುಲ್ಕವೂ ಸೇರುತ್ತದೆ. ಅವಳಿಗೆ ನಾನು ಕೊಟ್ಟ ಸಲಹೆ ಇಷ್ಟೇ. ಮೂರು ತಿಂಗಳು ಚಾಪೆಯ ಮೇಲೆ ಮಾಡು, ಆ ಎರಡೂವರೆ ಸಾವಿರವನ್ನು ಪ್ರತಿ ತಿಂಗಳು ಎತ್ತಿಡು. ಆಮೇಲೂ ಟ್ರೆಡ್‌ಮಿಲ್ ಬೇಕೆನಿಸಿದರೆ ಕೈಯಲ್ಲಿ ಏಳೂವರೆ ಸಾವಿರ ಇರುತ್ತದೆ, ಅಭ್ಯಾಸವೂ ಇರುತ್ತದೆ.

ಇನ್ನು ತೂಕದ ಲೆಕ್ಕ. ಅರ್ಧ ಗಂಟೆ ಬಿರುಸಾಗಿ ನಡೆದರೆ ಕರಗುವುದು ಹೆಚ್ಚುಕಡಿಮೆ 150 ಕ್ಯಾಲೊರಿ. ಒಂದು ಕಿಲೋ ಕೊಬ್ಬಿನಲ್ಲಿರುವುದು ಸುಮಾರು 7,700. ಬಂಗಾರಪೇಟೆಯಲ್ಲಿ ಇಳಿದು ಒಂದು ಪ್ಲೇಟ್ ಮಸಾಲೆ ಪುರಿ ತಿಂದರೆ ಆ ನಡಿಗೆ ಅಲ್ಲೇ ತೀರಿಹೋಗುತ್ತದೆ. ತೂಕ ಇಳಿಯುವುದು ಬಹುಪಾಲು ತಟ್ಟೆಯಿಂದ. ಹಾಗಾದರೆ ವ್ಯಾಯಾಮ ಯಾಕೆ ಎಂದರೆ, ಊಟ ತಗ್ಗಿದಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಭಾರ ಎತ್ತುವವರಲ್ಲಿ, ಸಾಕಷ್ಟು ಪ್ರೋಟೀನ್ ತಿನ್ನುವವರಲ್ಲಿ ಆ ನಷ್ಟ ಕಡಿಮೆ. ನಲವತ್ತು ದಾಟಿದ ಹೆಂಗಸರಿಗೆ ಇದು ತುಂಬ ಮುಖ್ಯವಾದ ಸಂಗತಿ.

ಅದಕ್ಕೇ ಉಳಿದ ದುಡ್ಡನ್ನು ನಾನು ಅಡುಗೆಮನೆಗೆ ಹಾಕಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿರುವಂತೆ ಆರೋಗ್ಯವಂತರಿಗೆ ದೇಹದ ತೂಕದ ಕಿಲೋಗೆ 0.83 ಗ್ರಾಂ ಪ್ರೋಟೀನ್ ಬೇಕು. 60 ಕಿಲೋದವರಿಗೆ 50 ಗ್ರಾಂ ಆಯಿತು. ನೂರು ಗ್ರಾಂ ಹುರುಳಿಕಾಳಿನಲ್ಲಿ 20 ಗ್ರಾಂ ಮೇಲಿದೆ, ಸೋಯಾ ಚಂಕ್ಸ್‌ನಲ್ಲಿ 50ರ ಹತ್ತಿರ, ಒಂದು ಮೊಟ್ಟೆಯಲ್ಲಿ ಸುಮಾರು 6. ಡಬ್ಬಿಯ ಪ್ರೋಟೀನ್ ಪುಡಿಗೆ ಸಾವಿರಾರು ರೂಪಾಯಿ ಸುರಿಯುವ ಬದಲು ಮೊಳಕೆ ಹುರುಳಿ ಸಾರು ಮಾಡಿ, ಮುದ್ದೆಯನ್ನು ಅರ್ಧಕ್ಕೆ ಇಳಿಸಿ, ಕಾಳನ್ನು ಬಟ್ಟಲ ತುಂಬ ಹಾಕಿಕೊಂಡೆ. ಮನೆಮಂದಿಗೆಲ್ಲ ಅದೇ ಸಾರು, ಬೇರೆ ಅಡುಗೆಯ ಖರ್ಚಿಲ್ಲ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು.

ಶುರು ಮಾಡುವ ಮುಂಚೆ ಬಿಪಿ, ಸಕ್ಕರೆ ನೋಡಿಸಿ. ಮೂವತ್ತು ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಇದು ಉಚಿತ. ಖಾಸಗಿಯಲ್ಲಿ ಮಾಡಿಸಿದರೆ ರಸೀದಿ ಇಟ್ಟುಕೊಳ್ಳಿ. ಹಳೆಯ ಆದಾಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಮುಂಜಾಗ್ರತಾ ತಪಾಸಣೆಗೆ ವರ್ಷಕ್ಕೆ 5,000 ರೂಪಾಯಿವರೆಗೆ ವಿನಾಯಿತಿ ಇದೆ, ತಪಾಸಣೆಯ ಹಣವನ್ನು ನಗದಾಗಿ ಕೊಟ್ಟರೂ ಸಿಗುತ್ತದೆ. ಹೊಸ ಪದ್ಧತಿ ಆಯ್ದುಕೊಂಡವರಿಗೆ ಅದು ಇಲ್ಲ.